ಮೂವರ ರಕ್ತ ಬೆರೆಸುತ್ತಿದ್ದ ಆಪಾ

ಆಪಾ ಟೆಸ್ಟ್ ಟ್ಯೂಬುಗಳ ಜೊತೆ ಮಾತಾಡುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅದನ್ನು ಕಂಡು, ಇವರಿಗೆ ಎಲ್ಲೋ ಒಂದು ಸ್ಕ್ರೂ ಸಡಿಲವಾಗಿದೆ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಹಲಸೂರು ಕಡೆಯ ಒಂದು ಆಸ್ಪತ್ರೆಯ ಬ್ಲಡ್ ಬ್ಯಾಂಕ್ ಅದು. ಎರಡು ಕೋಣೆ, ಮೂರು ಫ್ರಿಜ್ಜು, ಪೂರ್ವಕ್ಕೆ ಒಂದು ಕಿಟಕಿ. ಆಪಾ ಟ್ಯೂಬನ್ನು ಆ ಕಿಟಕಿಯ ಬೆಳಕಿಗೆ ಹಿಡಿದು, ಮಗುವಿನ ಗಲ್ಲ ಎತ್ತಿ ಕೇಳುವವರ ಹಾಗೆ ಕೇಳುತ್ತಿದ್ದರು: "ಏನಪ್ಪಾ, ಯಾರ್ ಮನೆಯೋನು ನೀನು? ಎ-ನಾ, ಬಿ-ನಾ? ಹೇಳು, ನಾಚ್ಕೋಬೇಡ."

ದಖ್ನಿ ಉರ್ದುವಿನಲ್ಲಿ ಆಪಾ ಎಂದರೆ ಅಕ್ಕ. ಅವರ ಮನೆ ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಆಸ್ಪತ್ರೆಯ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವ ತಾಯಿಯವರೆಗೆ ಎಲ್ಲರಿಗೂ ಅವರು ಆಪಾನೇ. ಹುದ್ದೆ ಸೀನಿಯರ್ ಟೆಕ್ನಿಷಿಯನ್. ಆದರೆ ರಕ್ತದ ವಿಷಯದಲ್ಲಿ ಅನುಮಾನ ಬಂದರೆ ಡಾಕ್ಟರುಗಳೇ ಮೆಟ್ಟಿಲಿಳಿದು ಬಂದು, "ಆಪಾ, ಒಂದ್ಸಲ ನೋಡಿ" ಎನ್ನುತ್ತಿದ್ದರು. ದುಪಟ್ಟಾ ಟ್ಯೂಬಿನೊಳಗೆ ಇಳಿಯಬಾರದೆಂದು ಅದನ್ನು ಎರಡೂ ಭುಜಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬಿಗಿದುಕೊಂಡಿರುತ್ತಿದ್ದರು. ಒಂದು ಹಸಿರು ಕ್ಲಿಪ್ಪು, ಒಂದು ಹಳದಿ. ಜೋಡಿ ಕ್ಲಿಪ್ಪು ಅವರ ಹತ್ತಿರ ಯಾವತ್ತೂ ಇರಲಿಲ್ಲ.

ನನ್ನದು ಕಲಬುರಗಿ ಕಡೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ. ಯಾರಾದರೂ ಒಂದು ಮಾತು ಅಂದರೆ ಎರಡು ಅಂದು ಬರುವ ಜಾತಿ. ಆಪಾ ಮೊದಲ ವಾರವೇ ನನ್ನ ಕೈಯಿಂದ ಟ್ಯೂಬ್ ಕಿತ್ತುಕೊಂಡು, "ಕುಲುಕ್ತೀಯಲ್ಲೇ ಬೇಟಾ, ಇದೇನು ಕೆಮ್ಮಿನ ಔಷಧೀನಾ? ಮೆಲ್ಲಗೆ ಓಲಾಡ್ಸು" ಎಂದರು. ನಾನು ಮುಖ ಊದಿಸಿಕೊಂಡು ಒಂದು ದಿನ ಪೂರ್ತಿ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೇ ಆಗಲಿಲ್ಲ. ಸಂಜೆ ಬ್ಯಾಗಿನಿಂದ ಬನ್ ತೆಗೆದು ಅರ್ಧ ಮುರಿದು ನನ್ನ ಮುಂದಿಟ್ಟು, ಬಾಣಸವಾಡಿಯ ತಮ್ಮ ನಾದಿನಿಯ ಮಗಳಿಗೆ ನೋಡಿದ ಗಂಡಿನ ಕಥೆ ಶುರು ಮಾಡಿದರು. ಇಂಥವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ?

ಅವರ ಬೆಂಚಿನ, ಅಂದರೆ ಪರೀಕ್ಷೆ ಮಾಡುವ ಮೇಜಿನ, ಒಂದು ಪದ್ಧತಿ ಹೇಳಬೇಕು, ಏಕೆಂದರೆ ನನ್ನ ಜೀವ ನಿಂತಿದ್ದೇ ಅದರ ಮೇಲೆ. ರೋಗಿಯ ರಕ್ತ ಯಾವ ಗುಂಪಿನದು ಎಂದು ನಾವು ಎರಡು ಕಡೆಯಿಂದ ನೋಡುತ್ತೇವೆ. ಮೊದಲು ರೋಗಿಯ ಕೆಂಪು ಕಣಗಳಿಗೆ ನಮ್ಮ ಬಾಟಲಿಯ ಔಷಧಿ ಹಾಕಿ ನೋಡುವುದು. ಆಮೇಲೆ ರೋಗಿಯ ರಕ್ತದ ತಿಳಿನೀರಿಗೆ ನಮ್ಮಲ್ಲಿರುವ ಎ, ಬಿ, ಓ ಕಣಗಳನ್ನು ಹಾಕಿ ತಾಳೆ ನೋಡುವುದು. ಹೊಂದದಿದ್ದರೆ ಕಣಗಳು ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತವೆ. ಈ ಕಣಗಳನ್ನು ದಿನಾ ಬೆಳಿಗ್ಗೆ ನಾವೇ ತಯಾರಿಸುತ್ತಿದ್ದೆವು, ನಮ್ಮ ನಮ್ಮ ರಕ್ತದಿಂದಲೇ. ಗುಮಾಸ್ತ, ಸ್ಟೋರಿನವನು, ನರ್ಸು, ಯಾರು ಸಿಕ್ಕಿದರೆ ಅವರು ತೋಳು ಚಾಚಬೇಕಿತ್ತು. ಓ ಕಣ ಯಾರ ತಿಳಿನೀರಿಗೂ ಗಂಟು ಕಟ್ಟುವುದಿಲ್ಲ. ಕಟ್ಟಿದರೆ ಏನೋ ಎಡವಟ್ಟಿದೆ ಎಂದು ಅರ್ಥ. ಅದಕ್ಕೇ ಓ ಬಾಟಲಿಗೆ ಆಪಾ ಒಬ್ಬರ ರಕ್ತ ಹಾಕಲು ಬಿಡುತ್ತಿರಲಿಲ್ಲ, ಮೂವರದನ್ನು ಬೆರೆಸಬೇಕು. ಹೊಸಬರ ಓ ಆಗಿದ್ದರೆ ಎಚ್ ಎಂಬ ಬಾಟಲಿಯಿಂದ ಒಂದು ತೊಟ್ಟು ಹಾಕಿ ಮೊದಲು ಪರೀಕ್ಷಿಸಬೇಕು. "ಒಬ್ರನ್ನೇ ನಂಬ್ಬೇಡ. ನನ್ನೂ ನಂಬ್ಬೇಡ" ಎನ್ನುತ್ತಿದ್ದರು.

ಆಪಾ ಕಣ್ಣಿನ ಆಪರೇಷನ್‌ಗೆಂದು ರಜೆ ಹಾಕಿದಾಗ ಬೆಂಚು ನನ್ನ ಪಾಲಿಗೆ ಬಂತು. ನಾನು ಸಿರಿಂಜು ಹಿಡಿದು ಹೊರಟರೆ ಗುಮಾಸ್ತ ಟೀಗೆ ಹೋಗಿರುತ್ತಿದ್ದ, ಸ್ಟೋರಿನವನಿಗೆ ತಲೆ ಸುತ್ತುತ್ತಿತ್ತು. ಎರಡು ದಿನ ಅವರ ಹಿಂದೆ ಓಡಾಡಿದೆ. ಮೂರನೇ ದಿನ, ನಾನೇ ಓ ಅಲ್ಲವೇ, ಈ ಗಂಡಸರ ಕಾಲು ಯಾರು ಹಿಡಿಯುತ್ತಾರೆ ಎಂದು ನನ್ನ ತೋಳಿನಿಂದಲೇ ತೆಗೆದು ಬಾಟಲಿ ತುಂಬಿಸಿದೆ. ಸ್ಕೂಲಿನ ಐಡಿ ಕಾರ್ಡಿನಿಂದ ಹಿಡಿದು ಎಲ್ಲ ಕಡೆ ನನ್ನದು ಓ ಪಾಸಿಟಿವ್ ಎಂದೇ ಬರೆದಿತ್ತು. ಎಚ್ ಬಾಟಲಿ ಮುಗಿದಿತ್ತು, ಹೊಸದು ಬಂದ ಮೇಲೆ ಪರೀಕ್ಷೆ ಮಾಡಿದರಾಯಿತು ಎಂದುಕೊಂಡೆ. ಆಪಾ ರಜೆ ಮುಗಿಸಿ ಬಂದರು, ಎಚ್ ಬಾಟಲಿಯೂ ಬಂತು, ನನ್ನ ಸೋಮಾರಿತನ ಮಾತ್ರ ಹೋಗಲಿಲ್ಲ. ದಿನಾ ನನ್ನದೇ ರಕ್ತ. ಆಪಾ ಕೇಳಲಿಲ್ಲ, ನಾನು ಹೇಳಲಿಲ್ಲ.

ಅಷ್ಟರಲ್ಲಿ ನಾನು ಬಸುರಿಯಾದೆ. ಗೊತ್ತಾದ ದಿನವೇ ಆಪಾ, "ಇನ್ಮೇಲೆ ನಿನ್ ತೋಳಿಗೆ ಸೂಜಿ ನಕ್ಕೋ, ಬೇಡವೇ ಬೇಡ. ಎರಡು ಜೀವದೋಳು" ಎಂದು ತಾವೇ ಹೋಗಿ ಗುಮಾಸ್ತನನ್ನೂ ಇಬ್ಬರು ನರ್ಸುಗಳನ್ನೂ ಹಿಡಿದು ತಂದರು. ಮೂವರ ಓ ಕಣ ಬಾಟಲಿಗೆ ಬಂತು. ಅದೇ ವಾರ ನನ್ನ ಬಸುರಿ ಕಾರ್ಡಿಗೆ ರಕ್ತದ ಗುಂಪು ಬರೆಯಬೇಕಿತ್ತು. ನಾನೇ ನನ್ನ ಸ್ಯಾಂಪಲ್ ಹಾಕಿಕೊಂಡೆ, ಅಡುಗೆಯವಳು ತನಗೆ ತಾನೇ ಬಡಿಸಿಕೊಂಡ ಹಾಗೆ.

ಓ ಟ್ಯೂಬಿನಲ್ಲಿ ಇಷ್ಟು ದೊಡ್ಡ ಗಂಟು!

"ಗುಮಾಸ್ತಂದು ಸೆಲ್ಸ್ ಕೆಟ್ಟಾವ ಆಪಾ, ರಾತ್ರಿ ಏನು ಕುಡಿದಾನೋ" ಎಂದೆ. ಆಪಾ ಬಂದು ನೋಡಿದರು. ಮತ್ತೆ ಹಾಕಿಸಿದರು. ಮತ್ತೆ ಗಂಟು. ಆಮೇಲೆ ಮೂವರದನ್ನೂ ಬೇರೆ ಬೇರೆಯಾಗಿ ಹಾಕಿಸಿದರು. ಮೂರಕ್ಕೆ ಮೂರೂ ಗಂಟು.

"ಮೂರು ಜನಾನೂ ಒಟ್ಟಿಗೆ ಕೆಟ್ಟೋದ್ರಾ?" ಎಂದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಇಷ್ಟು ದಿನ ಓ ಬಾಟ್ಲಿಲಿ ಯಾರ್ದಿತ್ತು?"

"ನಂದೇ, ಆಪಾ."

"ಜೊತೆಗೆ?"

"ನಂದೊಂದೇ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೂ ಎರಡು ಮಾತಾಡಿ ಹಗುರಾಗಲು ಆಗುತ್ತಿತ್ತು. ಅವರು ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೊಸ ಎಚ್ ಬಾಟಲಿ ತೆಗೆದು ನನ್ನ ಕಣಗಳಿಗೆ ಒಂದು ತೊಟ್ಟು ಹಾಕಿದರು. ಓ ಆಗಿದ್ದರೆ ಗಟ್ಟಿಯಾಗಿ ಗಂಟು ಕಟ್ಟಬೇಕಿತ್ತು. ಏನೂ ಆಗಲಿಲ್ಲ. ಟ್ಯೂಬ್ ಓಲಾಡಿಸಿದರು, ಕೆಂಪು ನೀರು ಹಾಯಾಗಿ ಮೇಲೆದ್ದು ಬಂತು. ಆವತ್ತು ಮಾತ್ರ ಅವರು ಟ್ಯೂಬಿನ ಜೊತೆ ಮಾತಾಡಲಿಲ್ಲ.

"ನಿಂದು ಬಾಂಬೆ ಗ್ರೂಪ್, ಬೇಟಾ."

"ನಾ ಬಾಂಬೆ ನೋಡೇ ಇಲ್ಲಲ್ರೀ ಆಪಾ" ಎಂದೆ. ಹೆದರಿಕೆಯಾದಾಗ ನನ್ನ ಬಾಯಿಂದ ಇಂಥ ಹುಚ್ಚು ಮಾತೇ ಬರುವುದು. ಬಾಂಬೆಯಲ್ಲಿ ಮೊದಲು ಪತ್ತೆಯಾದ ಅಪರೂಪದ ಗುಂಪು, ಆ ಹೆಸರು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಐದು ಅಂಕ ತೆಗೆದಿದ್ದೆ. ನನ್ನ ಮೈಯಲ್ಲೇ ಅದು ಹರಿಯುತ್ತಿದೆ ಎಂದು ಯಾರಿಗೆ ಗೊತ್ತಿತ್ತು?

ಅವತ್ತು ಆಪಾ ಅದನ್ನು ಹೇಳಿಕೊಟ್ಟ ರೀತಿ ಯಾವ ಪುಸ್ತಕದಲ್ಲೂ ಇಲ್ಲ. ಗೋಡೆಯ ಕ್ಯಾಲೆಂಡರ್ ತೋರಿಸಿದರು. "ನೋಡು, ಕೆಂಪು ಕಣದ ಮೈ ತುಂಬ ಸಕ್ಕರೆಯ ಸರ ಇರುತ್ತೆ. ಅದರ ತುದಿಗೆ ಒಂದು ಚಿಕ್ಕ ಸಕ್ಕರೇನ ಅಂಟಿಸೋ ಮೇಸ್ತ್ರಿ ಒಬ್ಬ ಇದಾನೆ. ಅವನು ಹೊಡೆಯೋ ಮೊಳೇನೇ ಎಚ್. ಆ ಮೊಳೆಗೆ ಎ ಕ್ಯಾಲೆಂಡರ್ ಹಾಕಿದ್ರೆ ಎ ಗ್ರೂಪ್, ಬಿ ಹಾಕಿದ್ರೆ ಬಿ. ಏನೂ ಹಾಕ್ದೆ ಬರೀ ಮೊಳೆ ಇದ್ರೆ ಓ. ನಿನ್ ಗೋಡೇಲಿ ಮೊಳೇನೇ ಇಲ್ಲ. ದೂರದಿಂದ ನೋಡಿದ್ರೆ ನೀನೂ ಓ ಥರಾನೇ ಕಾಣ್ತೀಯ, ಕ್ಯಾಲೆಂಡರ್ ಇಲ್ವಲ್ಲ. ಆದ್ರೆ ನಿನ್ ಮೈಗೆ ಮೊಳೆ ಅಂದ್ರೇನೇ ಆಗಲ್ಲ. ಓ ರಕ್ತ ಹಾಕಿದ್ರೆ ಅದನ್ನ ಹೊಡೆದು ಹಾಕುತ್ತೆ, ಜೊತೆಗೆ ನಿನ್ನನ್ನೂ."

ಮೇಸ್ತ್ರಿ ಎಂದರೆ ಒಂದು ಕಿಣ್ವ. ಆ ಕಿಣ್ವವನ್ನು ಹೇಗೆ ತಯಾರಿಸಬೇಕು ಎಂಬ ಬರಹ ಒಂದು ಜೀನಿನಲ್ಲಿದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಒಂದು ಸರಿಯಿದ್ದರೂ ಸಾಕು, ಮೊಳೆ ಬೀಳುತ್ತದೆ. ನನ್ನಲ್ಲಿ ಎರಡೂ ಕೆಟ್ಟಿವೆ. ಅದು ಹೇಗೆ ಎಂದು ಆಪಾ ಕೇಳುವ ಮೊದಲೇ ನಾನು ಹೇಳಿದೆ: ನನ್ನ ಅಮ್ಮ ಅಪ್ಪನ ಸ್ವಂತ ಅಕ್ಕನ ಮಗಳು. ಒಂದೇ ಮನೆಯ ಕೆಟ್ಟ ಪ್ರತಿ ಎರಡು ದಾರಿಯಿಂದ ಬಂದು ನನ್ನಲ್ಲಿ ಕೂಡಿಕೊಂಡಿತ್ತು.

ನನ್ನ ಕಣಗಳಿಂದ ತಯಾರಿಸಿದ ಓ ಬಾಟಲಿಯ ಅರ್ಥವೇನು ಎಂದು ನನಗೆ ಹೊಳೆದದ್ದು ಆಮೇಲೆ. ನನ್ನಂಥವರನ್ನು ಹಿಡಿಯುವುದು ಓ ಕಣದ ಮೊಳೆಯಿಂದ. ಬಾಟಲಿಯಲ್ಲಿ ಮೊಳೆಯೇ ಇಲ್ಲದ ನನ್ನ ರಕ್ತವಿದ್ದರೆ ಅಂಥವರು ಸಲೀಸಾಗಿ ಓ ಎಂದು ಪಾಸಾಗಿಬಿಡುತ್ತಾರೆ. ಇಷ್ಟು ದಿನ ನಾನು ಕಾವಲಿಗೆ ಕುರುಡರನ್ನು ಕೂರಿಸಿದ್ದೆ. ಅಂಥ ಯಾರಿಗಾದರೂ ಓ ರಕ್ತ ಹೋಗಿದ್ದರೆ? ಆಪಾ ಬೆನ್ನು ಸವರಿದರು. "ಕೊಡೋಕ್ ಮುಂಚೆ ಪ್ರತಿಯೊಂದನ್ನೂ ರೋಗಿ ರಕ್ತದ ಜೊತೆ ಮ್ಯಾಚ್ ಮಾಡಿ ನೋಡಿದೀವಿ, ಏನೂ ಆಗಿರಲ್ಲ. ಆದ್ರೂ ನೋಡೋಣ" ಎಂದರು. ಮೂರು ಮಧ್ಯಾಹ್ನ ಕೂತು ನನ್ನ ಕಾಲದ ಓ ಗಳನ್ನೆಲ್ಲ ರಿಜಿಸ್ಟರಿನಿಂದ ಹೆಕ್ಕಿದೆವು. ಫ್ರಿಜ್ಜಿನಲ್ಲಿದ್ದ ಸ್ಯಾಂಪಲ್ ಮತ್ತೆ ಹಾಕಿದೆವು, ಇಲ್ಲದವರಿಗೆ ಫೋನ್ ಮಾಡಿ ಕರೆಸಿದೆವು. "ಕಾರ್ಡ್ ಇನ್ನೊಂದ್ಸಲ ಚೆಕ್ ಮಾಡ್ಬೇಕಿತ್ತು, ನಮ್ದೇ ತಪ್ಪು, ದಯವಿಟ್ಟು ಬನ್ನಿ" ಎಂದು ಪ್ರತಿಯೊಬ್ಬರಿಗೂ ಆಪಾ ಹೇಳುತ್ತಿದ್ದರು, ಬೈಸಿಕೊಳ್ಳುತ್ತಿದ್ದರು. ಎಲ್ಲರೂ ಓ ಆಗಿಯೇ ಉಳಿದರು. ತಪ್ಪುಗಳನ್ನು ಬರೆಯುವ ಪುಸ್ತಕವೊಂದಿತ್ತು. ಅದರಲ್ಲಿ ನಾನು ನನ್ನ ಹೆಸರು ಬರೆಯಲು ಹೋದರೆ, ಅಲ್ಲಿ ಆಗಲೇ ಆಪಾ ಅಕ್ಷರವಿತ್ತು: "ರಜೆಯಿಂದ ಬಂದ ಮೇಲೂ ಓ ಬಾಟಲಿ ಯಾರದೆಂದು ನಾನು ಕೇಳಲಿಲ್ಲ." ಕೆಳಗೆ ಅವರ ಸಹಿ. ನಾನು ಅದರ ಕೆಳಗೆ ಸಹಿ ಹಾಕಿ ಬಚ್ಚಲಿಗೆ ಹೋಗಿ ಅತ್ತೆ.

ಎಂಟನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, ಮಾಸು ಕೆಳಗೆ ಕೂತಿದೆ, ಹೊಟ್ಟೆ ಕೊಯ್ದೇ ಮಗು ತೆಗೆಯಬೇಕು, ರಕ್ತ ಹೋಗೇ ಹೋಗುತ್ತದೆ, ಒಂದು ಬಾಟಲಿಯಾದರೂ ಕೈಯಲ್ಲಿರಬೇಕು ಎಂದರು. ಇಡೀ ಫ್ರಿಜ್ಜು ರಕ್ತ ತುಂಬಿಕೊಂಡು ದಿನಾ ಊರಿಗೆಲ್ಲ ಕೊಡುವವಳಿಗೆ ಅದರಲ್ಲಿ ಒಂದು ತೊಟ್ಟೂ ಆಗುವುದಿಲ್ಲ. ನನ್ನದನ್ನೇ ತೆಗೆದಿಡೋಣವೆಂದರೆ ಮೊದಲೇ ರಕ್ತ ಕಡಿಮೆ. ಆಪಾಗೆ ಗೊತ್ತಿದ್ದ ಅಂಥ ಗುಂಪಿನವರು ಇಬ್ಬರೇ. ರಿಚರ್ಡ್ಸ್ ಟೌನಿನ ರಿಟೈರ್ಡ್ ಮೇಷ್ಟರಿಗೆ ರಕ್ತ ಕೊಡುವ ವಯಸ್ಸು ದಾಟಿತ್ತು. ಇನ್ನೊಬ್ಬರು ಹಿಂದಿನ ವಾರವೇ ಬೇರೆ ಊರಿನ ರೋಗಿಗೆ ಕೊಟ್ಟು ಬಂದಿದ್ದರು.

"ಅಣ್ಣತಮ್ಮ ಯಾರಾದ್ರೂ ಇದಾರಾ?" ಎಂದು ಆಪಾ ಕೇಳಿದರು. ಒಬ್ಬ ತಮ್ಮ ಇದ್ದ. ಕೆ.ಆರ್. ಪುರದಲ್ಲಿ ಟೈಲ್ಸ್ ಹಾಕುವ ಕೆಲಸ, ಅಮ್ಮನೂ ಅವನ ಜೊತೆಗೇ ಬಾಡಿಗೆ ಕೋಣೆಯಲ್ಲಿದ್ದಳು. ಆದರೆ ಮೂರು ವರ್ಷದಿಂದ ನಮಗೂ ಅವರಿಗೂ ಮಾತಿಲ್ಲ. ನನ್ನನ್ನು ಸೋದರಮಾವನಿಗೆ ಕೊಡಬೇಕೆಂದು ಅವರೆಲ್ಲ ಗೊತ್ತು ಮಾಡಿದ್ದರು, ನಾನು ಒಲ್ಲೆನೆಂದು ಜೊತೆಯಲ್ಲಿ ಓದಿದವನನ್ನು ಮದುವೆಯಾದೆ. ತಮ್ಮ ನನ್ನ ನಂಬರ್ ಬ್ಲಾಕ್ ಮಾಡಿದ. ನಾನೂ ಮಾಡಿದೆ, ಅವನಿಗಿಂತ ನಾನೇನು ಕಡಿಮೆ!

"ಸತ್ತರೂ ಅವನ ಹೊಸ್ತಿಲ ತುಳಿಯಂಗಿಲ್ಲ ಆಪಾ."

"ನೀನ್ ತುಳೀಬೇಡ ಬಿಡು" ಎಂದು ಆಪಾ ಬನ್ ಮುರಿದುಕೊಟ್ಟರು. ನಾನು ಅದು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆ ಭಾನುವಾರ ಅವರು ಬಸ್ಸು ಹತ್ತಿ ಕೆ.ಆರ್. ಪುರಕ್ಕೆ ಹೋಗಿದ್ದರಂತೆ. ಇದೆಲ್ಲ ನನಗೆ ಅಮ್ಮ ಆಮೇಲೆ ಹೇಳಿದ್ದು. ನನ್ನ ಹೆಸರೆತ್ತಿದ ಕೂಡಲೇ ತಮ್ಮ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಆಪಾ ಏಳಲಿಲ್ಲ. ಅಮ್ಮನ ಜೊತೆ ಕೂತು ಮೆಂತ್ಯ ಸೊಪ್ಪು ಸೋಸಿದರು, ಜೋಳದ ರೊಟ್ಟಿ ತಿಂದರು, ಇನ್ನೊಂದು ಹಾಕಿಸಿಕೊಂಡರು. ಎರಡು ತಾಸಿನ ಮೇಲೆ ಅವನು ಬಂದು ನೋಡಿದರೆ ಈ ಹೆಂಗಸು ಇನ್ನೂ ಇಲ್ಲೇ! ಆಪಾ ನನ್ನ ಸುದ್ದಿಯನ್ನೇ ಬಿಟ್ಟು, "ನಿನ್ನ ರಕ್ತಾನೂ ಹಂಗೇ ಇರ್ಬೋದಪ್ಪ. ನಾಳೆ ಬಿಲ್ಡಿಂಗ್ ಮೇಲಿಂದ ಬಿದ್ದೆ ಅಂತಿಟ್ಕೋ, ಯಾರೋ ಓ ಅಂತ ಹಾಕ್ಬಿಡ್ತಾರೆ. ನಿಂಗೋಸ್ಕರ ನೋಡ್ಕೋ. ಕೈ ಕೊಡು" ಎಂದರು. ಅವನು ಗುರ್ ಎನ್ನುತ್ತಲೇ ತೋಳು ಚಾಚಿದ.

ಅವನದೂ ನನ್ನದೇ ಗುಂಪು. ಒಂದೇ ಅಪ್ಪ ಅಮ್ಮನ ಮಕ್ಕಳಾದರೂ ನಾಲ್ಕರಲ್ಲಿ ಒಂದು ಅದೃಷ್ಟ ಅದು. ಆಪಾ ಮತ್ತೆ ಹೋಗಿ ಅವನ ಕಾರ್ಡು ಅವನ ಕೈಗೆ ಕೊಟ್ಟು, ನನ್ನ ಆಪರೇಷನ್ ಯಾವಾಗ, ಯಾಕೆ ಎಂದು ಹೇಳಿದರು. "ಬಾ ಅಂತ ನಾನ್ ಬಲವಂತ ಮಾಡಂಗಿಲ್ಲ, ರಕ್ತದಲ್ಲಿ ಬಲವಂತ ಇಲ್ಲ. ಬರ್ದಿದ್ರೂ ಈ ಕಾರ್ಡ್ ನಿಂದೇ, ಜೇಬಲ್ಲೇ ಇಟ್ಕೋ" ಎಂದು ಬಂದುಬಿಟ್ಟರಂತೆ. ಹತ್ತು ದಿನ ಅವನಿಂದ ಸುದ್ದಿಯಿಲ್ಲ. ಆ ಹತ್ತು ದಿನ ಆಪಾ ಟೀ ಸರಿಯಾಗಿ ಕುಡಿಯಲಿಲ್ಲ ಎಂಬುದು ನನಗೆ ಕಾಣುತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಆಪರೇಷನ್ನಿಗೆ ನಾಲ್ಕು ದಿನ ಇರುವಾಗ ಆಪಾ ನನ್ನನ್ನು ಸ್ಟೋರಿಗೆ ಕಳಿಸಿ, "ಹತ್ತಿ ಎಣಿಸ್ಕೊಂಡ್ ಕೂತ್ಕೋ, ಕರೆಯೋವರ್ಗೂ ಬರ್ಬೇಡ" ಎಂದರು. ಹತ್ತಿಯನ್ನು ಯಾರು ಎಣಿಸುತ್ತಾರೆ? ಬಾಗಿಲ ಸಂದಿಯಿಂದ ನೋಡಿದೆ. ಸಿಮೆಂಟು ಮೆತ್ತಿದ ಪ್ಯಾಂಟಿನಲ್ಲಿ ತಮ್ಮ ಡೋನರ್ ಕುರ್ಚಿಯಲ್ಲಿ ಮಲಗಿದ್ದ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ರಬ್ಬರ್ ಚೆಂಡನ್ನು ಹಿಚುಕುತ್ತಿದ್ದ. ಚಿಕ್ಕಂದಿನಲ್ಲಿ ಮುಳ್ಳು ತೆಗೆಸಿಕೊಳ್ಳಲೂ ಇಡೀ ಓಣಿ ಸೇರುವಂತೆ ಅಳುತ್ತಿದ್ದವನು ಅವನು. ಆಪಾ ಅವನ ಹಣೆಯ ಬೆವರು ಒರೆಸುತ್ತ, ನಾದಿನಿಯ ಮಗಳಿಗೆ ನೋಡಿದ ಗಂಡಿನ ಕಥೆ ಹೇಳುತ್ತಿದ್ದರು. ನಾನು ಹೊರಗೆ ಬರಲಿಲ್ಲ. ಸಿಟ್ಟಿನಿಂದಲ್ಲ, ಬಂದರೆ ಅತ್ತುಬಿಡುತ್ತಿದ್ದೆ.

ಆಪರೇಷನ್ ದಿನ ಡಾಕ್ಟರು ಹೇಳಿದ ಹಾಗೇ ರಕ್ತ ಹೋಯಿತು, ಅವರು ಹೆದರಿದ್ದಕ್ಕಿಂತ ಹೆಚ್ಚೇ ಹೋಯಿತು. ಸೊಂಟದ ಕೆಳಗೆ ಮರಗಟ್ಟಿತ್ತು, ತಲೆ ಮಾತ್ರ ಎಚ್ಚರವಿತ್ತು. ಯಾರೋ ಕೂಗಿದರು, ಆಪಾ ಚೀಲ ಹಿಡಿದು ಥಿಯೇಟರಿನ ಬಾಗಿಲಿಗೇ ಓಡಿ ಬಂದರು. ತಮ್ಮನ ರಕ್ತ ನನ್ನ ತೋಳಿಗೆ ಇಳಿಯುವುದನ್ನು ನೋಡುತ್ತ ನೋಡುತ್ತ ಮಗಳ ಅಳು ಕೇಳಿಸಿತು. ಮಗಳ ರಕ್ತವನ್ನು ಆವತ್ತೇ ಪರೀಕ್ಷಿಸಿ, "ಇವ್ಳ ಗೋಡೇಲಿ ಮೊಳೆ ಇದೆ, ಅಪ್ಪನ ಕಡೆದು" ಎಂದು ಆಪಾ ಸಾರಿಕೊಂಡು ಬಂದರು.

ಸಂಜೆ ತಮ್ಮ ವಾರ್ಡಿಗೆ ಬಂದ. ಮೂರು ವರ್ಷದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು:

"ಉಂಡಿ ಏನು?"

"ಹೊಟ್ಟಿ ಕೊಯ್ದಾರ, ಏನು ಉಣ್ಣಲೋ ಮಂಗ್ಯಾ!"

ನಗಲು ಹೋಗಿ ಹೊಲಿಗೆ ಎಳೆದು ಪ್ರಾಣ ಹೋದ ಹಾಗಾಯಿತು. ಅವನ ಹಿಂದೆ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಆಪಾ ಎಲ್ಲಿ ಎಂದು ನೋಡಿದೆ. ಅವರಿಬ್ಬರನ್ನು ಒಳಗೆ ಬಿಟ್ಟು, ಬೆಂಚಿನಲ್ಲಿ ಕೆಲಸ ಬಿದ್ದಿದೆ ಎಂದು ಕೆಳಗೆ ಹೋಗಿಬಿಟ್ಟಿದ್ದರು. ನಾನು ಎಷ್ಟೋ ಸಲ ಅವರಿಗೆ ಥ್ಯಾಂಕ್ಸ್ ಹೇಳಲು ಹೋಗಿದ್ದೇನೆ. "ಹೌ ಹೌ, ಮೊದ್ಲು ಕೈ ತೊಳ್ಕೋ" ಎನ್ನುತ್ತಿದ್ದರು.

ಅವರು ರಿಟೈರ್ ಆದ ಮೇಲೆ ಬೆಂಚು ನನಗೇ ಬಂತು. ಓ ಬಾಟಲಿಗೆ ಮೂವರನ್ನು ಹಿಡಿದು ತರಲು ನಾನು ಇಡೀ ಆಸ್ಪತ್ರೆ ಅಲೆಯುತ್ತೇನೆ, ಗುಮಾಸ್ತ ನನ್ನನ್ನು ಕಂಡರೆ ಈಗಲೂ ಓಡುತ್ತಾನೆ. ಕರೆದಾಗಲೆಲ್ಲ ತಮ್ಮ ಬಂದು ರಕ್ತ ಕೊಡುತ್ತಾನೆ. ನಮ್ಮಂಥವರು ತೆಗೆದುಕೊಳ್ಳುವುದು ನಮ್ಮವರಿಂದ ಮಾತ್ರ, ಆದರೆ ನಮ್ಮ ಕಣಗಳನ್ನು ಬೇರೆ ಗುಂಪಿನವರಿಗೂ ಕೊಡಬಹುದು ಎಂದು ಆಪಾ ಒಮ್ಮೆ ಹೇಳಿದ್ದು ಅವನಿಗೆ ಬಹಳ ಹಿಡಿಸಿಬಿಟ್ಟಿತ್ತು. ಕೆಲಸದ ಜಾಗದಲ್ಲೆಲ್ಲ ಅದನ್ನು ಹೇಳಿಕೊಂಡು ಮೆರೆಯುತ್ತಿದ್ದ.

ಈ ವರ್ಷ ಒಂದು ಬೆಳಿಗ್ಗೆ ಶಿವಾಜಿನಗರದ ಮನೆಯಿಂದ ಆಪಾ ಮಗಳ ಫೋನ್ ಬಂತು. ಆಪಾ ನಮಾಜಿಗೆ ಎದ್ದವರು ಅಲ್ಲೇ ಕುಸಿದರಂತೆ, ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲವಂತೆ. ನನಗೆ ಮೊದಲು ನೆನಪಾದದ್ದು ತಮ್ಮ. ಫೋನ್ ಹಚ್ಚಿ "ಆಪಾ..." ಎಂದೆ, ಮುಂದಿನದು ಅಳುವಿನಲ್ಲೇ ಹೋಯಿತು.

"ಏನಾಗ್ಯಾದ ಆಪಾಗ? ಯಾವ ದವಾಖಾನಿ?" ಎಂದ. ಅವನು ಓಡುತ್ತಿರುವುದು ಕೇಳುತ್ತಿತ್ತು. "ಅಕ್ಕಾ, ಅಳಬ್ಯಾಡ. ಎಷ್ಟು ಬಾಟ್ಲಿ ಬೇಕಂತ ಕೇಳು. ನಂದು ಯಾರಿಗರೆ ನಡೀತದ ಅಂತ ಅವರೇ ಹೇಳ್ಯಾರಲ್ಲ. ನಾ ಬಸ್ ಹತ್ತಿದೆ ನೋಡು, ನಾ ಬರೋತನಕ ಬ್ಯಾರೆ ಯಾರ್ದೂ ಹಾಕಬ್ಯಾಡ್ರಿ ಅನ್ನು."

"ಬ್ಯಾಡೋ ತಮ್ಮಾ" ಎಂದೆ. "ಆಪಾಗ ಇನ್ನ ಯಾರ್ದೂ ಬ್ಯಾಡ."

ಆ ಕಡೆ ಹಾರ್ನುಗಳ ಸದ್ದು. ಅದರ ನಡುವೆ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ್ದು ಕೇಳಿಸಿತು. ತಮ್ಮ ಒಡೆದ ದನಿಯಲ್ಲಿ ಹೇಳಿದ:

"ಶಿವಾಜಿನಗರ ಒಂದ್ ಕೊಡ್ರಿ."